ಪಹಣಿಲಿ ನನ್ನ ಹೆಸ್ರು ಬಂತು, ವಕೀಲ್ರ ಹತ್ರ ಹೋಗೋ ಮುಂಚೆ ಮಾಡ್ಕೊಂಡ ತಯಾರಿ

ಅಪ್ಪಯ್ಯ ತೀರ್ಕೊಂಡ್ಮೇಲೆ ಪೌತಿ ಖಾತೆ (ತೀರ್ಕೊಂಡವ್ರ ಜಮೀನು ವಾರಸುದಾರ್ರ ಹೆಸ್ರಿಗೆ ಮಾಡೋದು) ಆಗ್ವಾಗ ತೋಟದ ಪಹಣೀಲಿ ಮಾಲೀಕ್ರ ಹೆಸ್ರಿರೋ 9ನೇ ಕಾಲಂನಲ್ಲಿ ಅಣ್ಣಂದಿರ ಹೆಸ್ರು ಮಾತ್ರ ಬಂತು. ಶಿರಸಿಲಿ ಮೊದ್ಲು ನೋಡಿದ ವಕೀಲ್ರು ಫೀಸು ಎಷ್ಟಂತ ಹೇಳ್ಲೇ ಇಲ್ಲ, ಕೇಸು ನಡ್ಸೋಕೆ ಒಪ್ಪಿಗೆ ಕೊಡೋ ವಕಾಲತ್ತಿಗೆ ಸೈನ್ ಹಾಕದೇ ಎದ್ದು ಬಂದೆ.

ಇನ್ನೊಬ್ರ ಹತ್ರ ಹೋಗೋ ಹಿಂದಿನ ರಾತ್ರಿ ಅಪ್ಪಯ್ಯನ ಟ್ರಂಕು ಬಿಚ್ಚಿ, ಅಂಚು ಹರಿದ ಕೈಬರಹದ ಪಹಣಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲಾ ತಾರೀಕಿನ ಪ್ರಕಾರ ಜೋಡ್ಸಿ, ಯಾವಾಗ ಏನಾಯ್ತು ಅಂತ ಒಂದೇ ಹಾಳೇಲಿ ಬರ್ಕೊಂಡೆ, ಅಣ್ಣಂಗೆ ಒಂದ್ಸಲ ಖಾಲಿ ಕಾಗದಕ್ಕೆ ಸೈನ್ ಮಾಡಿಕೊಟ್ಟಿದ್ದನ್ನೂ ಮುಚ್ಚಿಡ್ಲಿಲ್ಲ. ಹೊಸ ವಕೀಲ್ರು ಮೊದ್ಲು ಓದಿದ್ದೇ ಆ ಹಾಳೆ! ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಹೆಣ್ಮಕ್ಳಿಗೂ ಸಮಪಾಲಿದೆ, ಎಸಿ (ಉಪವಿಭಾಗಾಧಿಕಾರಿ) ಹತ್ರ ಅಪೀಲು ಹಾಕೋಣ ಅಂದ್ರು. ಫೀಸು ಬರೆಸ್ಕೊಂಡೇ ಸೈನ್ ಹಾಕ್ದೆ.

ದುಡ್ಡಿಲ್ಲ ಅಂತ ಹಿಂಜರೀಬೇಡಿ ಅಕ್ಕಂದಿರೇ, ಹೆಂಗಸ್ರಿಗೆ ಆದಾಯ ಎಷ್ಟೇ ಇರ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲ್ರು ಸಿಗ್ತಾರೆ. ಅಪೀಲು ಮುಗಿದ್ಮೇಲೆ ಹೋದ ವಾರ ಹೊಸ ಪಹಣಿ ತೆಗೆಸ್ದೆ, ಅಣ್ಣಂದಿರ ಕೆಳಗೆ ನನ್ನ ಹೆಸ್ರಿದೆ.