ಇಲ್ಲದ ಗೋಡೆಯ ಗುಂಟ ಒಂದು ಸುತ್ತು

ಬೆಂಗಳೂರು ಕೋಟೆ ನೋಡಲು ಹೋದವರಲ್ಲಿ ಬಹಳಷ್ಟು ಮಂದಿ ಹತ್ತು ನಿಮಿಷದಲ್ಲಿ ಹೊರಗೆ ಬಂದುಬಿಡುತ್ತಾರೆ. ಅವರದೇನೂ ತಪ್ಪಿಲ್ಲ. ಕೆ.ಆರ್. ಮಾರ್ಕೆಟ್ ದಾಟಿ ಕೃಷ್ಣರಾಜೇಂದ್ರ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಬಂದರೆ ಒಂದು ದೊಡ್ಡ ಕಲ್ಲಿನ ಬಾಗಿಲು, ಒಂದಿಷ್ಟು ಗೋಡೆ, ಒಳಗೊಂದು ಗಣಪತಿ ಗುಡಿ. ಕಣ್ಣಿಗೆ ಸಿಗುವುದು ಇಷ್ಟೇ. ಚಿತ್ರದುರ್ಗದ ಏಳು ಸುತ್ತು ಹತ್ತಿ ಬಂದವರಿಗೆ ಇದು ಕೋಟೆ ಅಂತಲೇ ಅನ್ನಿಸುವುದಿಲ್ಲ.

ಹಾಗಾಗಿ ನಾನು ಉಲ್ಟಾ ಹೊರಟೆ. ಉಳಿದ ತುಂಡನ್ನು ಕೊನೆಗಿಟ್ಟುಕೊಂಡು, ಕಳೆದುಹೋದ ಗೋಡೆಯನ್ನು ಮೊದಲು ಸುತ್ತುವುದು ಅಂತ.

ಇದಕ್ಕೆ ಬೇಕಾದದ್ದು ಒಂದು ಹಳೇ ನಕ್ಷೆ. 1791ರಲ್ಲಿ ಟಿಪ್ಪುವಿನ ಈ ಕೋಟೆಗೆ ಮುತ್ತಿಗೆ ಹಾಕಿದ ಹೊತ್ತಿಗೆ ಇಂಗ್ಲಿಷರು ಬರೆಸಿದ ನಕ್ಷೆಗಳು ಈಗ ಯಾರಿಗಾದರೂ ಸಿಗುತ್ತವೆ. ಮುದ್ರಿಸಿಕೊಂಡು ಇವತ್ತಿನ ರಸ್ತೆ ನಕ್ಷೆಯ ಮೇಲೆ ಇಡಬೇಕು. ಆದರೆ ಎಲ್ಲಿಗೆ ಎಲ್ಲಿ ಕೂಡಿಸುವುದು? ಜಾಗ ಬಿಟ್ಟು ಕದಲದ ಮೂರು ಗುರುತು ಹಿಡಿದೆ: ಉತ್ತರದ ದೆಹಲಿ ಬಾಗಿಲು, ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ, ಅದರ ಪಕ್ಕದ ಟಿಪ್ಪು ಅರಮನೆ. ಈ ಮೂರೂ ಕೂಡಿದ ಮೇಲೆ ಉಳಿದದ್ದೆಲ್ಲ ಸರಿಸುಮಾರು ತಾನೇ ಬಂದು ಕೂರುತ್ತದೆ. ಆಗ ಕೋಳಿಮೊಟ್ಟೆಯ ಆಕಾರದ ಒಂದು ಕೋಟೆ ಮೇಲೆದ್ದು ಬರುತ್ತದೆ. ಸುತ್ತ ಬುರುಜುಗಳು, ಆಚೆ ಕಂದಕ, ಉತ್ತರಕ್ಕೆ ದೆಹಲಿ ಬಾಗಿಲು, ದಕ್ಷಿಣಕ್ಕೆ ಮೈಸೂರು ಬಾಗಿಲು. ಒಟ್ಟು ಸುತ್ತಳತೆ ಸುಮಾರು ಒಂದು ಮೈಲಿ.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಬೇಕು, ಯಾಕೆಂದರೆ ಕೇಳಿದವರೆಲ್ಲ 'ಕೆಂಪೇಗೌಡರ ಕೋಟೆ' ಅಂತಲೇ ಹೇಳುತ್ತಾರೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. ಇವತ್ತಿನ ಚಿಕ್ಕಪೇಟೆ, ಅವೆನ್ಯೂ ರಸ್ತೆ ಇರುವ ಪೇಟೆ ಅದರೊಳಗಿತ್ತು. ಊರು ಆಮೇಲೆ ಬಿಜಾಪುರದವರ ಪಾಲಾಗಿ, 1687ರಲ್ಲಿ ಮೊಗಲರ ಕೈಗೆ ಬಂದು, ಅವರಿಂದ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಮಾರಾಟವಾಯಿತು. ಪೇಟೆಯ ದಕ್ಷಿಣಕ್ಕೆ ಈ ಮೊಟ್ಟೆಯಾಕಾರದ ಕೋಟೆ ಬೆಳೆದದ್ದು ಒಡೆಯರ ಕಾಲದಲ್ಲಿ. ಕೋಟೆ ವೆಂಕಟರಮಣ ದೇವಸ್ಥಾನವೂ ಅವರದೇ. ಬೆಂಗಳೂರನ್ನು ಜಹಗೀರಾಗಿ ಪಡೆದ ಹೈದರಾಲಿ 1761ರಲ್ಲಿ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ. ಅಂದರೆ ಆ ಕಾಲಕ್ಕೆ ಅಕ್ಕಪಕ್ಕ ಎರಡು ಊರು: ವ್ಯಾಪಾರದವರ ಪೇಟೆ, ಸರ್ಕಾರದವರ ಕೋಟೆ. ನಡುವೆ ಸಿದ್ದಿಕಟ್ಟೆ ಮತ್ತು ಬಯಲು. ಆ ಕಟ್ಟೆಯ ಮೇಲೆಯೇ 1920ರ ದಶಕದಲ್ಲಿ ಮಾರ್ಕೆಟ್ ಕಟ್ಟಡ ಎದ್ದಿತು. ಪಕ್ಕದ ಈ ಪೇಟೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಡಿಗೆ ದಕ್ಷಿಣದಿಂದ ಶುರು. ದೇವಸ್ಥಾನದ ಮುಂದಿನ ಕಂಬದ ಬಗ್ಗೆ ಒಂದು ಐತಿಹ್ಯವಿದೆ: ಟಿಪ್ಪುವಿನ ಕಡೆ ಬಂದ ಫಿರಂಗಿ ಗುಂಡಿಗೆ ಈ ಕಂಬ ಅಡ್ಡ ನಿಂತು ಅವನನ್ನು ಉಳಿಸಿತಂತೆ. ಮುತ್ತಿಗೆಯ ಹೊತ್ತಿಗೆ ಟಿಪ್ಪು ಸೈನ್ಯದ ಜೊತೆ ಕೋಟೆಯ ಹೊರಗಿದ್ದ. ಹಾಗಾಗಿ ಕಥೆಯನ್ನು ಕಥೆಯಾಗಿಯೇ ಕೇಳಿದರೆ ಚೆಂದ. ಪಕ್ಕದ ಅರಮನೆ ಹೈದರ್ ಶುರು ಮಾಡಿಸಿದ್ದು, ಮುಗಿದದ್ದು 1791ರಲ್ಲಿ, ಕೋಟೆ ಬಿದ್ದ ವರ್ಷವೇ. ತೇಗದ ಕಂಬಗಳ ನಡುವೆ ನಿಂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಣ್ಣಕ್ಕಿಂತ ಈ ಇಸವಿ.

ಮೈಸೂರು ಬಾಗಿಲಿನ ಕುರುಹು ಏನೂ ಇಲ್ಲ. ಪಶ್ಚಿಮದ ಕಡೆಯೂ ನೋಡುವಂಥದ್ದು ಕಡಿಮೆ. ಕೋಟೆಯ ನೆಲವನ್ನು ಈಗ ಆಸ್ಪತ್ರೆ, ಕಾಲೇಜು, ಶಾಲೆಗಳು ಹಂಚಿಕೊಂಡಿವೆ. 1900ರ ವಿಕ್ಟೋರಿಯಾ, ಆಮೇಲೆ ವಾಣಿವಿಲಾಸ, ವೈದ್ಯಕೀಯ ಕಾಲೇಜು, ಕೋಟೆ ಪ್ರೌಢಶಾಲೆ. ಗೋಡೆ ಹೋದರೂ ಬೋರ್ಡುಗಳು 'ಕೋಟೆ'ಯನ್ನು ಬಿಟ್ಟಿಲ್ಲ: ಕೋಟೆ ಆಂಜನೇಯ, ಕೋಟೆ ಜಲಕಂಠೇಶ್ವರ. ನಕ್ಷೆ ಕೈಕೊಟ್ಟ ಕಡೆ ನಾನು ಈ ಹೆಸರುಗಳನ್ನೇ ಹಿಡಿದು ನಡೆದೆ. ಕಲಾಸಿಪಾಳ್ಯದ ಕಡೆ ಬಂದರೆ ಅದೂ ಇಲ್ಲ. ಬಸ್ಸು, ಹಾರ್ನು, ಲಗೇಜು; ಅಲ್ಲಿ ಬೇಗ ನಡೆದುಬಿಡಿ.

ಕೊನೆಗೆ, ಉಳಿದಿರುವ ಆ ದೆಹಲಿ ಬಾಗಿಲು. ಇಲ್ಲಿ ಮಾತ್ರ ಅವಸರ ಬೇಡ. ನೇರವಾಗಿ ಒಳಗೆ ನುಗ್ಗುವ ದಾರಿ ಇಲ್ಲಿಲ್ಲ. ಬಾಗಿಲು ದಾಟಿದರೆ ನಾಲ್ಕೂ ಕಡೆ ಎತ್ತರದ ಗೋಡೆಯ ಅಂಗಳ, ಅಲ್ಲಿಂದ ತಿರುಗಿದರೆ ಮತ್ತೊಂದು ಬಾಗಿಲು. ಓಡಿ ಬಂದು ಕದಕ್ಕೆ ಗುದ್ದಲು ಆನೆಗೂ ಜಾಗ ಸಿಗಬಾರದು, ತಿರುವಿನಲ್ಲಿ ತಡವರಿಸುವ ಸೈನಿಕನ ಮೇಲೆ ಮೇಲಿನಿಂದ ಗುಂಡು ಬೀಳಬೇಕು, ಅದಕ್ಕೇ ಈ ಏರ್ಪಾಡು. ಆ ಅಂಗಳದ ನಡುವೆ ನಿಂತು ತಲೆ ಎತ್ತಿ ನೋಡಿ. ಗೋಡೆಯ ತುದಿಯ ಒಂದೊಂದು ಕಂಡಿಯೂ ನಿಮ್ಮನ್ನೇ ನೋಡುತ್ತಿರುತ್ತದೆ. ಕಂಡಿಯ ಬಾಯಿ ಹೊರಗಿನಿಂದ ಬೆರಳು ತೂರುವಷ್ಟು ಕಿರಿದು ಕಾಣುತ್ತದೆ. ಅದರ ಹಿಂದೆ ತುಪಾಕಿ ಹಿಡಿದವನು ಆರಾಮಾಗಿ ಕೂತಿರುತ್ತಿದ್ದ.

ಇಷ್ಟು ಯುದ್ಧದ ಲೆಕ್ಕಾಚಾರ ಹಾಕಿದವರೇ ಕಮಾನಿನ ಮೇಲೆ ಗಾರೆಯಲ್ಲಿ ಹೂಬಳ್ಳಿಯ ಅಲಂಕಾರವನ್ನೂ ಮಾಡಿಸಿದ್ದಾರೆ. ಓರೆ ಬಿಸಿಲು ಬಿದ್ದಾಗ ಎಸಳುಗಳ ಅಂಚು ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಎಲ್ಲವೂ ಚಪ್ಪಟೆ. ಫೋಟೊ ತೆಗೆಯುವವರು ಇಷ್ಟು ತಿಳಿದುಕೊಂಡರೆ ಸಾಕು.

ಹಾಗಾದರೆ ಇಷ್ಟು ಗಟ್ಟಿ ಕೋಟೆ ಬಿದ್ದದ್ದು ಹೇಗೆ? ಇಡೀ ಸುತ್ತು ಹಾಕಿ ಬಂದವರಿಗೆ ಇದು ಕಾಲಿಗೇ ಗೊತ್ತಾಗುತ್ತದೆ. ಕೋಟೆಯ ಉತ್ತರಕ್ಕೆ ತನ್ನದೇ ಪೇಟೆ ಇತ್ತು. ಆ ದಿಕ್ಕಿನಿಂದ ವೈರಿ ಬರಬೇಕಾದರೆ ಮೊದಲು ಪೇಟೆಯ ಮುಳ್ಳುಬೇಲಿ, ಕಂದಕ, ಗೋಡೆ ದಾಟಬೇಕು. 1791ರ ಮಾರ್ಚ್ 7ರಂದು ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಅದನ್ನೇ ಮಾಡಿತು. ಪೇಟೆಯ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಸತ್ತ, ಆದರೆ ಪೇಟೆ ಬಿತ್ತು. ಟಿಪ್ಪು ಕಳಿಸಿದ ಪಡೆಗೆ ಅದನ್ನು ಮರಳಿ ಹಿಡಿಯಲಾಗಲಿಲ್ಲ. ಪೇಟೆಯ ಕಾಳುಕಡ್ಡಿ, ಮೇವು ದಂಡೆತ್ತಿ ಬಂದವರ ಪಾಲಾಯಿತು. ಪೇಟೆಯ ಮನೆಗಳೇ ಅವರ ಫಿರಂಗಿಗಳಿಗೆ ಮರೆಯಾದವು. ಕಾಯಬೇಕಾದ ಊರು ಮುತ್ತಿಗೆಯವರ ಬೀಡಾಗಿಬಿಟ್ಟಿತು. ಮಾರ್ಚ್ 21ರ ಬೆಳದಿಂಗಳ ರಾತ್ರಿ ಅವರು ಒಡೆದ ಗೋಡೆಯ ಸಂದಿನಿಂದ ಹತ್ತಿದರು. ಕೋಟೆಯ ಮುಖ್ಯಾಧಿಕಾರಿ, ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಟಿಪ್ಪುವಿನ ಸೈನ್ಯ ದೂರವೇನೂ ಇರಲಿಲ್ಲ, ಆದರೆ ನೆರವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನನಗೆ ಟಿಪ್ಪುವಿನ ಮುಂದಿನ ನಡೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಕೋಟೆ ವಾಪಸ್ ಸಿಕ್ಕಾಗ ಅವನು ಅದನ್ನು ಭದ್ರ ಮಾಡಲು ಹೋಗಲಿಲ್ಲ, ಕೆಡವಿಸಿದ. ವೈರಿಯ ಕೈಗೆ ಸಿಕ್ಕರೆ ತನಗೇ ತಿರುಗುವ ಗೋಡೆ ಇಟ್ಟುಕೊಂಡು ಏನು ಮಾಡುವುದು? ಎದೆ ಗಟ್ಟಿ ಇದ್ದವನ ತೀರ್ಮಾನ ಅದು. ಟಿಪ್ಪು ಹೋದ ಮೇಲೆ ದಿವಾನ್ ಪೂರ್ಣಯ್ಯ ಕೋಟೆಯನ್ನು ಮತ್ತೆ ಸರಿಪಡಿಸಿದರು, ಆಮೇಲೆ ರಸ್ತೆ, ಆಸ್ಪತ್ರೆಗಳಿಗಾಗಿ ಅದು ತುಂಡುತುಂಡಾಗಿ ಕರಗಿತು. ಕೋಟೆ ನಾಶದ ಮಾತು ಬಂದಾಗ ನಾವು ಫಿರಂಗಿಯನ್ನು ಬೈಯುತ್ತೇವೆ, ಆದರೆ ಈ ಗೋಡೆಯನ್ನು ಹೆಚ್ಚು ತಿಂದದ್ದು ಶಾಂತಿಕಾಲ.

ಇಲ್ಲಿಂದ ಇಂಗ್ಲಿಷರು ದಾಳಿ ಮಾಡಿದರು ಎಂದು ಹೇಳುವ ಫಲಕ ಕೋಟೆಯ ಹತ್ತಿರ ಇದೆ. ಆ ಯುದ್ಧದಲ್ಲಿ ಸತ್ತ ತಮ್ಮವರಿಗಾಗಿ ಅವರು ಕಾರ್ಪೊರೇಷನ್ ಕಡೆ ನಿಲ್ಲಿಸಿದ್ದ ದೊಡ್ಡ ಸ್ಮಾರಕ 1964ರಲ್ಲಿ ಹೋಯಿತು. ಆ ಸ್ಮಾರಕದ ಹೆಸರಲ್ಲಿದ್ದ ಸೆನೋಟಾಫ್ ರಸ್ತೆಯೇ ಈಗಿನ ನೃಪತುಂಗ ರಸ್ತೆ. 2012ರಲ್ಲಿ ಮಾರ್ಕೆಟ್ ಹತ್ತಿರ ಮೆಟ್ರೊಗಾಗಿ ನೆಲ ಅಗೆದಾಗ ಟಿಪ್ಪು ಕಾಲದ ಎರಡು ಫಿರಂಗಿಗಳು ಮೇಲೆ ಬಂದವು.

ಹೋಗುವವರಿಗೆ ಎರಡು ಮಾತು. ಗಾಡಿ ತರಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಹಸಿರು ಮಾರ್ಗದ ಮೆಟ್ರೊ ಮಾರ್ಕೆಟ್ ನಿಲ್ದಾಣಕ್ಕೇ ಬಿಡುತ್ತದೆ. ಹಬ್ಬದ ಹಿಂದಿನ ದಿನವಂತೂ ಆ ಕಡೆ ತಲೆ ಹಾಕಬೇಡಿ, ಹೂವಿನ ವ್ಯಾಪಾರದ ನಡುವೆ ಕೋಟೆಯೂ ಕಾಣುವುದಿಲ್ಲ, ರಸ್ತೆಯೂ ಕಾಣುವುದಿಲ್ಲ.