ಹಮ್ ತೆಗೆಯಬೇಡಿ, ಟೇಪಿನ ವೇಗ ಸರಿಮಾಡಲು ಅದೇ ಬೇಕು

ರೇಡಿಯೊ, ಟಿವಿಯ ಹಳೆಯ ಪ್ರಸಾರಗಳನ್ನು ಮನೆಯಲ್ಲಿ ಕೂತು ಯಾರೋ ರೀಲ್ ಟೇಪಿಗೆ ಹಿಡಿದಿಟ್ಟದ್ದು ಕೈಗೆ ಬಂದರೆ, ಹೆಚ್ಚಿನವರು ಮೊದಲು ಮಾಡುವ ಕೆಲಸ ಹೈಪಾಸ್ ಫಿಲ್ಟರ್ ಹಾಕಿ 50 ಹರ್ಟ್ಸ್ ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು, ಕತ್ತರಿಸುವುದು, ಟಿವಿಯ ಸಿಳ್ಳೆಗೆ ಒಂದು ನಾಚ್ (ಒಂದೇ ಫ್ರೀಕ್ವೆನ್ಸಿ ಕತ್ತರಿಸುವ ಫಿಲ್ಟರ್) ಹಾಕುವುದು. ಕೇಳಲು ಹಿತ, ಒಪ್ಪಿದೆ. ಆದರೆ ಆ ಟೇಪು ಯಾವ ಕ್ಷಣದಲ್ಲಿ ಎಷ್ಟು ವೇಗದಲ್ಲಿ ಓಡಿತ್ತು ಎನ್ನುವುದಕ್ಕೆ ಉಳಿದಿರುವ ಸಾಕ್ಷಿ ಅದೇ: ಮುದ್ರಿಸುವಾಗ ಹಮ್ 50ರಲ್ಲೇ ಇತ್ತು, ಟೇಪಿನ ವೇಗ ಎಷ್ಟು ತಪ್ಪಿದೆಯೋ ಅದೂ ಅಷ್ಟೇ ತಪ್ಪಿ ಕಾಣುತ್ತದೆ. ಅದನ್ನು ಕಿತ್ತು ಹಾಕಿದ ಮೇಲೆ ವೇಗ ಸರಿಮಾಡುತ್ತೇನೆ ಅಂತ ಕೂತರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಇದನ್ನು ಹೇಳಿದಾಗಲೆಲ್ಲ ಎರಡು ಆಕ್ಷೇಪ ಬರುತ್ತಿದ್ದವು. ಒಂದು, ಮೇನ್ಸ್ (ಮನೆಗೆ ಬರುವ ಕರೆಂಟ್) ಫ್ರೀಕ್ವೆನ್ಸಿಯೇ ಅತ್ತಿತ್ತ ಓಲಾಡುತ್ತದೆ, ಅದನ್ನು ನಂಬುವುದು ಹೇಗೆ. ಇನ್ನೊಂದು, ಪ್ಲೇ ಮಾಡುವ ಡೆಕ್ಕಿನ ಹಮ್ ಯಾವುದು, ಟೇಪಿನೊಳಗಿನ ಹಮ್ ಯಾವುದು, ಬೇರೆ ಮಾಡುವುದು ಹೇಗೆ. ಎರಡೂ ತಲೆಯಿರುವ ಪ್ರಶ್ನೆಗಳೇ. ಆದ್ದರಿಂದಲೇ ಉತ್ತರ ಸಿಕ್ಕಿದ ಮೇಲೆ ಬರೆಯುತ್ತಿದ್ದೇನೆ.

ಎರಡನೆಯದಕ್ಕೆ ಉತ್ತರ ತೀರಾ ಸುಲಭ: ಟೇಪನ್ನು ಸರಿಯಾದ ವೇಗದಲ್ಲಿ ಪ್ಲೇ ಮಾಡಬೇಡಿ. ಬೇಕೆಂದೇ ಶೇ. 8ರಷ್ಟು ಜೋರಾಗಿ ಓಡಿಸಿ. ಟೇಪಿನೊಳಗಿನ 50 ಹರ್ಟ್ಸ್ ಆಗ 54ಕ್ಕೆ ಹೋಗುತ್ತದೆ, 100 ಇದ್ದದ್ದು 108ಕ್ಕೆ, 150 ಇದ್ದದ್ದು 162ಕ್ಕೆ. ಡೆಕ್ಕಿನ ಸ್ವಂತ ಹಮ್ ಮಾತ್ರ 50, 100, 150ರಲ್ಲೇ ಕೂತಿರುತ್ತದೆ. ಸ್ಪೆಕ್ಟ್ರಮ್ಮಿನಲ್ಲಿ ಎರಡು ಗೆರೆ ಬೇರೆಬೇರೆಯಾಗಿ ಕಾಣುತ್ತವೆ: ಒಂದು ಕಡ್ಡಿಯ ಹಾಗೆ ನೇರ, ಇನ್ನೊಂದು ಅಲುಗಾಡುತ್ತಾ ಸಾಗುವಂಥದ್ದು. ಅಲುಗಾಡುವುದೇ ನಮಗೆ ಬೇಕಾದದ್ದು. ಎರಡು ಪಟ್ಟು ವೇಗದಲ್ಲಿ ಓಡಿಸಿದರೆ ಸಮಯ ಉಳಿಯುತ್ತದಲ್ಲ ಅನ್ನುವವರಿದ್ದಾರೆ. ಹಾಗೆ ಮಾಡಿದರೆ ಟೇಪಿನ 50 ನೇರ ಡೆಕ್ಕಿನ 100ರ ಮೇಲೆ ಹೋಗಿ ಕೂರುತ್ತದೆ, ಕೆಲಸ ಕೆಟ್ಟಿತು. ಶೇ. 8ರ ವ್ಯತ್ಯಾಸದಿಂದ ಈಕ್ವಲೈಸೇಷನ್, ಅಂದರೆ ಡೆಕ್ಕು ಮೇಲಿನ ಕೆಳಗಿನ ಸ್ವರಗಳನ್ನು ಸರಿದೂಗಿಸುವುದು, ತಪ್ಪುವುದಿಲ್ಲವೇ ಎಂದರೆ ತಪ್ಪುತ್ತದೆ, ಒಂದು ಡೆಸಿಬೆಲ್ಲಿಗೂ ಕಡಿಮೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿಮಾಡಿಕೊಳ್ಳಬಹುದು.

ವೇಗ ಬದಲಿಸಲು ಸರ್ವೊ ಕ್ಯಾಪ್‌ಸ್ಟನ್ (ಟೇಪನ್ನು ಎಳೆಯುವ, ವೇಗ ಹೊಂದಿಸಬಹುದಾದ ತಿರುಗುವ ಕಡ್ಡಿ) ಇರುವ ಡೆಕ್ ಬೇಕು. ರೆವಾಕ್ಸ್ ಬಿ77ಕ್ಕೆ ಹೊರಗಿನಿಂದ ವೇಗ ಬದಲಿಸುವ ಸಾಕೆಟ್ಟೇ ಇದೆ. ಕರೆಂಟಿನ ಫ್ರೀಕ್ವೆನ್ಸಿಗೆ ತಕ್ಕಂತೆ ತಿರುಗುವ ಸಿಂಕ್ರೊನಸ್ ಮೋಟಾರಿನ ಡೆಕ್ ಇದ್ದರೆ ಕ್ಯಾಪ್‌ಸ್ಟನ್ ಮೋಟಾರಿಗೆ ಮಾತ್ರ 54 ಹರ್ಟ್ಸ್ ಆಸಿಲೇಟರ್, ಪವರ್ ಆಂಪ್ಲಿಫೈಯರ್, ತಿರುಗಿಸಿ ಹಾಕಿದ ಟ್ರಾನ್ಸ್‌ಫಾರ್ಮರ್ ಮೂಲಕ ಕರೆಂಟ್ ಕೊಡಬಹುದು. ಮೋಟಾರು ಸ್ವಲ್ಪ ಹೆಚ್ಚು ಬಿಸಿಯಾಗಬಹುದು, ಕೈ ಮುಟ್ಟಿ ನೋಡುತ್ತಿರಬೇಕು. ಆಗ ಮೋಟಾರಿನ ಹಮ್ಮೂ 54ರಲ್ಲೇ ಬೀಳುವುದರಿಂದ ಅದು ಹೆಡ್ಡಿಗೆ ಸೋರದ ಹಾಗೆಯೂ ನೋಡಿಕೊಳ್ಳಬೇಕು. ಬ್ಯಾಟರಿಯಲ್ಲಿ ಓಡುವ ನಾಗ್ರಾ ಅಥವಾ ಊಹರ್ 4000 ರಿಪೋರ್ಟ್ ರೆಕಾರ್ಡರು ಸಿಕ್ಕರೆ ಡೆಕ್ಕಿನ ಹಮ್ಮಿನ ತಲೆನೋವೇ ಇಲ್ಲ. ಊಹರಿನಲ್ಲಿ 13 ಸೆಂ.ಮೀ. ರೀಲಿಗಿಂತ ದೊಡ್ಡದು ಕೂರುವುದಿಲ್ಲ, ಅಷ್ಟೇ.

ಟೇಪಿನ ತಯಾರಿ ನಿಮಗೆಲ್ಲ ಗೊತ್ತಿರುವುದೇ. 1950, 60ರ ದಶಕದ ಮನೆ ಟೇಪುಗಳಲ್ಲಿ ಅಸಿಟೇಟ್ ಪ್ಲಾಸ್ಟಿಕ್ಕಿನವು ಬೇಕಾದಷ್ಟು ಬರುತ್ತವೆ. ಬೆಳಕಿಗೆ ಹಿಡಿದಾಗ ಸುರುಳಿಯ ಮೂಲಕ ಬೆಳಕು ಹಾಯ್ದರೆ ಅಸಿಟೇಟ್. ಅದನ್ನು ಬೇಕ್ ಮಾಡಿದರೆ, ಅಂದರೆ ಹದವಾದ ಬಿಸಿಯಲ್ಲಿ ಇಟ್ಟು ಒಣಗಿಸಿದರೆ, ಹಾಳು. ಬೇಕಿಂಗ್ ಏನಿದ್ದರೂ ಅಂಟು ಬಿಡುವ 70, 80ರ ದಶಕದ ಪಾಲಿಯೆಸ್ಟರ್ ಟೇಪಿಗೆ.

ಟೇಪನ್ನು ಓದುವ ಹೆಡ್ಡಿನ ಓರೆ, ಅಂದರೆ ಅಜಿಮತ್, ಇದರ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಟಿವಿಯ ಮುಂದೆ ಮೈಕ್ ಇಟ್ಟು ಮುದ್ರಿಸಿದ ಟೇಪಿನಲ್ಲಿ ಹಮ್ಮಿಗಿಂತ ಒಳ್ಳೆಯ ಗಡಿಯಾರ ಒಂದಿದೆ: ಟಿವಿಯ ಪರದೆಯ ಗೆರೆಗಳನ್ನು (ಲೈನ್) ಎಳೆಯಿಸುವ ಲೈನ್ ಟ್ರಾನ್ಸ್‌ಫಾರ್ಮರಿನ ಸಿಳ್ಳೆ. 405 ಲೈನಿನ ಟಿವಿಯಲ್ಲಿ 10,125 ಹರ್ಟ್ಸ್, 625 ಲೈನಿನದರಲ್ಲಿ 15,625, 525 ಲೈನಿನ ಕಪ್ಪುಬಿಳುಪಿನಲ್ಲಿ 15,750. ಸೆಕೆಂಡಿಗೆ 9.5 ಸೆಂ.ಮೀ. ವೇಗದ ಟೇಪಿನ ಮೇಲೆ 10,125ರ ಒಂದು ಅಲೆಯ ಉದ್ದ ಒಂಬತ್ತೂವರೆ ಮೈಕ್ರಾನಿಗಿಂತ ಕಡಿಮೆ. ಹಾಫ್ ಟ್ರ್ಯಾಕ್ ಹೆಡ್ಡು (ಟೇಪಿನ ಅರ್ಧ ಅಗಲ ಓದುವಂಥದ್ದು) ಕಾಲು ಡಿಗ್ರಿಯಷ್ಟು ಓರೆಯಾದರೂ ಸಿಳ್ಳೆ ಪೂರ್ತಿ ಮಾಯ. ಮಾತು ಚೆನ್ನಾಗಿಯೇ ಕೇಳುತ್ತಿರುತ್ತದೆ, ಆದ್ದರಿಂದ ಕಿವಿಗೆ ಗೊತ್ತೇ ಆಗುವುದಿಲ್ಲ. ಹೆಡ್ಡಿಗೂ ಟೇಪಿಗೂ ನಡುವೆ ಒಂದು ಮೈಕ್ರಾನ್ ಧೂಳು ಇದ್ದರೆ ಸಿಳ್ಳೆ ಆರು ಡೆಸಿಬೆಲ್ಲಿನ ಹತ್ತಿರ ಇಳಿಯುತ್ತದೆ.

ಹಾಗಾಗಿ ಅಜಿಮತ್ ಹೊಂದಿಸಲು ಬೇರೆ ಟೆಸ್ಟ್ ಟೇಪು ಬೇಡ, ಅದು ಮೂಲ ರೆಕಾರ್ಡರಿನ ಓರೆಯನ್ನು ತೋರಿಸುವುದೂ ಇಲ್ಲ. ಸ್ಪೆಕ್ಟ್ರಮ್ಮನ್ನು 10,600ರಿಂದ 11,300ರವರೆಗೆ ಹಿಗ್ಗಿಸಿಟ್ಟುಕೊಳ್ಳಿ. ಶೇ. 8ರ ಲೆಕ್ಕದಲ್ಲಿ 405 ಲೈನಿನ ಸಿಳ್ಳೆ 10,935ರ ಆಸುಪಾಸಿನಲ್ಲಿ ಬರಬೇಕು. ಮೊದಮೊದಲು ಬರೀ ಹಿಸ್ಸಿನ, ಅಂದರೆ ಟೇಪಿನ ಸುಯ್ ಸದ್ದಿನ, ಹುಲ್ಲು ಕಾಣುತ್ತದೆ. ಸ್ಕ್ರೂ ಎಂಟನೇ ಒಂದು ಸುತ್ತು ತಿರುಗಿಸಿ, ಎರಡು ಸೆಕೆಂಡು ಕಾಯಿರಿ, ಮತ್ತೆ ತಿರುಗಿಸಿ. ಒಂದು ಕಡೆ ಬಂದಾಗ ಹುಲ್ಲಿನಿಂದ ಸಣ್ಣ ಮೊಳೆಯೊಂದು ಮೇಲೇಳುತ್ತದೆ. ಇನ್ನು ಸ್ಕ್ರೂವನ್ನು ಕೂದಲೆಳೆಯಷ್ಟೇ ಮುಟ್ಟಿ, ಮೊಳೆ ಅತಿ ಎತ್ತರಕ್ಕೆ ಬಂದ ಕಡೆ ಬಿಡಿ. ಪಕ್ಕದಲ್ಲಿ ಅದಕ್ಕಿಂತ ಗಿಡ್ಡ ಮೊಳೆ ಏಳುವ ಸುಳ್ಳು ಜಾಗಗಳೂ ಇವೆ, ಎರಡೂ ಕಡೆ ದಾಟಿ ಹೋಗಿ ನೋಡಿಯೇ ನಿರ್ಧರಿಸಿ. ಪ್ಲೇ ಆಗುತ್ತಿರುವಾಗ ಮೊಳೆ ನಿಧಾನಕ್ಕೆ ಕುಸಿಯುತ್ತಾ ಬಂದರೆ ಹೆಡ್ಡು ಕೊಳೆಯಾಗಿದೆ ಅಂತ ಅರ್ಥ, ನಿಲ್ಲಿಸಿ ಒರೆಸಿ. ಹಳೆಯ ಅಸಿಟೇಟ್ ಟೇಪು ದೋಣಿಯ ಹಾಗೆ ಬಾಗಿರುತ್ತದೆ, ಫೆಲ್ಟ್ ಪ್ಯಾಡ್ ಇಲ್ಲದ ಡೆಕ್ಕಿನಲ್ಲಿ ಸಿಳ್ಳೆ ಹಿಡಿಯುವುದು ಕಷ್ಟ. ತೀರಾ ಹಟ ಮಾಡುವ ಹಾಫ್ ಟ್ರ್ಯಾಕ್ ಟೇಪಿಗೆ ಕ್ವಾರ್ಟರ್ ಟ್ರ್ಯಾಕ್ ಹೆಡ್ ಹಾಕಿ. ಅಗಲ ಕಡಿಮೆಯಾದ್ದರಿಂದ ಓರೆಯನ್ನು ಹೆಚ್ಚು ತಡೆದುಕೊಳ್ಳುತ್ತದೆ, ಹಿಸ್ ಮಾತ್ರ ಹೆಚ್ಚು.

ಕ್ಯಾಪ್ಚರ್ 96 ಕಿಲೋಹರ್ಟ್ಸ್, 24 ಬಿಟ್. ರಂಬಲ್ ಫಿಲ್ಟರ್, ನಾಯ್ಸ್ ರಿಡಕ್ಷನ್ ಎಲ್ಲ ಬಂದ್. ಹಿಂದೆ ಯಾರೋ ಮಾಡಿಟ್ಟ ಎಂಪಿ3ಯಿಂದ ಶುರುಮಾಡಬಹುದೇ ಅಂತ ಕೇಳುತ್ತಾರೆ. ಕಡಿಮೆ ಬಿಟ್‌ರೇಟಿನ ಎಂಪಿ3ಯಲ್ಲಿ ಮೇಲಿನ ಸಿಳ್ಳೆ ಹೆಚ್ಚಾಗಿ ಹೋಗಿಯೇ ಇರುತ್ತದೆ, ಹಮ್ ಉಳಿದಿದ್ದರೂ ಡೆಕ್ಕಿನ ಹಮ್ಮಿನ ಜೊತೆ ಬೆರೆತಿರುತ್ತದೆ. ಮೂಲ ಟೇಪಿಗೇ ಹೋಗಿ.

ಇನ್ನು ಲೆಕ್ಕ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕಕ್ಕಿರುವ ಸೈಪೈ ಲೈಬ್ರರಿ ಸಾಕು. ಫೈಲನ್ನು 1000 ಹರ್ಟ್ಸ್ ಸ್ಯಾಂಪಲ್ ದರಕ್ಕೆ ಇಳಿಸಿ, 54ರ ಸುತ್ತ ಮೂರು ಹರ್ಟ್ಸ್ ಅತ್ತಿತ್ತ ಬಿಟ್ಟು ಬ್ಯಾಂಡ್‌ಪಾಸ್, ಕಾಂಪ್ಲೆಕ್ಸ್ ಸೈನಿನಿಂದ ಗುಣಿಸಿ ಶೂನ್ಯಕ್ಕೆ ಇಳಿಸಿ, ಫೇಸ್ ಬಿಡಿಸಿ, ಅದರ ಇಳಿಜಾರು ತೆಗೆದರೆ ಪ್ರತಿ ಕ್ಷಣದ ವೇಗ ಬಂತು. ಸಿಳ್ಳೆಗೂ ಇದೇ ವಿಧಾನ, ಆದರೆ ಮೊದಲೇ 1000ಕ್ಕೆ ಇಳಿಸಬಾರದು, ಸಿಳ್ಳೆಯೇ ಹೋಗುತ್ತದೆ, ಮತ್ತು ಫಿಲ್ಟರ್ ಇನ್ನೂರು ಹರ್ಟ್ಸ್ ಅತ್ತಿತ್ತ ಬಿಡಬೇಕು. ವೇಗದ ಗ್ರಾಫನ್ನು ಕೂಡುತ್ತಾ ಹೋಗಿ ಸಮಯದ ನಕ್ಷೆ ಮಾಡಿ, ಅದರ ಪ್ರಕಾರ ಪೂರ್ತಿ 96 ಕಿಲೋಹರ್ಟ್ಸ್ ಫೈಲನ್ನು ಸಿಂಕ್ ಇಂಟರ್‌ಪೊಲೇಷನ್ನಿನಿಂದ ಮರುಸ್ಯಾಂಪಲ್ ಮಾಡಿ.

ಹೇಳಿದಷ್ಟು ಸಲೀಸಾಗಿ ನಡೆಯುವುದಿಲ್ಲ. ಹಮ್ಮು ಮಾತಿಗಿಂತ ಸುಮಾರು 45, 50 ಡೆಸಿಬೆಲ್ ಕೆಳಗಿರುತ್ತದೆ. 50ರದ್ದು ಶುದ್ಧ, ಆದರೆ ಸೆಕೆಂಡಿಗೆ ಎರಡು ಮೂರು ಸಲಕ್ಕಿಂತ ಬೇಗ ಆಗುವ ಏರಿಳಿತ ಅದಕ್ಕೆ ಸಿಕ್ಕುವುದಿಲ್ಲ. ಆರು ಮಿ.ಮೀ. ದಪ್ಪದ ಕ್ಯಾಪ್‌ಸ್ಟನ್ ಬಾಗಿದ್ದರೆ 9.5 ವೇಗದಲ್ಲಿ ಸೆಕೆಂಡಿಗೆ ಐದು ಸಲ ಓಲಾಡುತ್ತದೆ. ಅದನ್ನು ಹಿಡಿಯಲು 150, 300ರ ಹಾರ್ಮೋನಿಕ್ (50ರ ಪಟ್ಟುಗಳಲ್ಲಿ ಬರುವ ಹಮ್) ಬೇಕು. ಅಲ್ಲೇ ತೊಡಕು. ಗಂಡಸಿನ ದನಿಯ ಮೂಲ ಸ್ವರ 100ರಿಂದ 150ರ ನಡುವೆ ಬೀಳುತ್ತದೆ. ವಾರ್ತೆ ಓದುವವರು ದನಿ ಇಳಿಸಿದ ಕೂಡಲೇ ಪ್ರೋಗ್ರಾಮು ಹಮ್ ಬಿಟ್ಟು ಅವರ ಹಿಂದೆ ಓಡುತ್ತದೆ, ಫಲಿತಾಂಶ ಕುಡಿದವರ ವಾರ್ತೆಯ ಹಾಗೆ ಕೇಳುತ್ತದೆ. ಇದಕ್ಕೆ ಮದ್ದು ಫ್ಲೈವೀಲು. ಭಾರವಾದ ಚಕ್ರ ಹತ್ತನೇ ಒಂದು ಸೆಕೆಂಡಿನಲ್ಲಿ ಶೇ. 0.3ಕ್ಕಿಂತ ಹೆಚ್ಚು ವೇಗ ಬದಲಿಸಲಾರದು, ಅದಕ್ಕಿಂತ ಹೆಚ್ಚು ಜಿಗಿತ ಕಂಡರೆ ಅದು ದನಿ, ಹಮ್ಮಲ್ಲ. ಅಂಥ ಕಡೆ ಮೇಲಿನ ಹಾರ್ಮೋನಿಕ್ಕನ್ನು ಬಿಟ್ಟು 50ನ್ನೇ ನಂಬಬೇಕು, ಮಾತಿನ ನಡುವಿನ ಬಿಡುವಿನಲ್ಲಿ ಮತ್ತೆ ಮೇಲಿನದಕ್ಕೆ ಬರಬೇಕು. ಹಾರ್ಮೋನಿಕ್‌ಗಳಿಗೆ ಎಷ್ಟೆಷ್ಟು ತೂಕ ಕೊಡುವುದು ಎನ್ನುವುದು ನನ್ನ ಹತ್ತಿರವೇ ಇರಲಿ. ಗುಟ್ಟೇನಿಲ್ಲ, ಆದರೆ ನಾಲ್ಕು ಟೇಪು ಕೆಡಿಸಿ ನೋಡಿದವರಿಗೆ ಅದು ತಾನಾಗಿ ಸಿಗುತ್ತದೆ.

ಟೇಪು ಉಳಿಸಲು ಜನ ಪಾಸ್ (ತಡೆಹಿಡಿಯುವ) ಗುಂಡಿ ಒತ್ತಿ ಒತ್ತಿ ಮುದ್ರಿಸಿರುತ್ತಾರೆ. ಪ್ರತಿ ಪಾಸಿನಲ್ಲೂ ಫೇಸ್ ಜಿಗಿಯುತ್ತದೆ, ಲೆಕ್ಕವನ್ನು ಅಲ್ಲಿ ಕಡಿದು ಹೊಸದಾಗಿ ಶುರುಮಾಡಬೇಕು. ಒಂದೇ ಓಟದಲ್ಲಿ ಇಡೀ ರೀಲನ್ನು ಹಾಯಿಸಿದರೆ ಪಾಸಿನ ಜಾಗದಲ್ಲೆಲ್ಲ ಬೆಕ್ಕಿನ ಕೂಗು.

ಸಂಗೀತದ ಸ್ವರ ನೋಡಿ ವೇಗ ಸರಿಮಾಡುವ ಸಾಫ್ಟ್‌ವೇರುಗಳಿವೆ, ಸೆಲೆಮೊನಿ ಕಂಪನಿಯ ‘ಕ್ಯಾಪ್‌ಸ್ಟನ್’ ಅಂಥದ್ದು. ವಾದ್ಯ ಸಂಗೀತಕ್ಕೆ ಬಹಳ ಚೆನ್ನ. ನಾಟಕ, ವಾರ್ತೆ, ಭಾಷಣಕ್ಕೆ ಅದಕ್ಕೆ ಹಿಡಿಯಲು ಸ್ವರ ಸಿಗುವುದಿಲ್ಲ. ಬಯಾಸ್ ಫ್ರೀಕ್ವೆನ್ಸಿ (ಮುದ್ರಿಸುವಾಗ ಧ್ವನಿಯ ಜೊತೆ ಬೆರೆಸುವ, ಕಿವಿಗೆ ಕೇಳದ ಎತ್ತರದ ಸಿಗ್ನಲ್) ಹಿಡಿದು ಮಾಡುವ ವಿಧಾನ ಸ್ಟುಡಿಯೊ ಟೇಪಿನಲ್ಲಿ ಅದ್ಭುತ ಕೆಲಸ ಮಾಡುತ್ತದೆ, ಮನೆ ಟೇಪಿನ 9.5 ವೇಗದಲ್ಲಿ 50 ಕಿಲೋಹರ್ಟ್ಸ್ ಅಲೆ ಎರಡು ಮೈಕ್ರಾನಿಗೂ ಕಡಿಮೆ. ಸಾಮಾನ್ಯ ಹೆಡ್ಡಿಗೆ ಅದು ದಕ್ಕದು.

ದುಡ್ಡಿನ ಮಾತು. ಒಟ್ಟು ಖರ್ಚಿನ ಅರ್ಧಕ್ಕೂ ಹೆಚ್ಚು ಹೆಡ್ ರೀಲ್ಯಾಪಿಂಗಿಗೆ (ಸವೆದ ಹೆಡ್ಡನ್ನು ಉಜ್ಜಿ ಸಮ ಮಾಡುವುದು) ಮತ್ತು ಟೇಪನ್ನು ಕ್ಯಾಪ್‌ಸ್ಟನ್ನಿಗೆ ಒತ್ತುವ ಹೊಸ ಪಿಂಚ್ ರೋಲರಿಗೆ ಹೋಯಿತು, ಡೆಕ್ ಕೊಂಡದ್ದು ಅದಕ್ಕಿಂತ ಅಗ್ಗ. ಸಿಳ್ಳೆ ಬೇಕೆಂದರೆ ಇದರಲ್ಲಿ ಉಳಿತಾಯ ಮಾಡುವ ಹಾಗಿಲ್ಲ. ಬರೀ ರೇಡಿಯೊ ಟೇಪು, ಹಮ್ಮಷ್ಟೇ ಸಾಕು ಎಂದರೆ ಸವೆದ ಹೆಡ್ಡೂ ನಡೆಯುತ್ತದೆ. ದುಬಾರಿ ಸೌಂಡ್ ಕಾರ್ಡ್ ದಂಡ, ಟೇಪಿನ ಹಿಸ್ಸಿನ ಕೆಳಗೆ ಅದರ ಗುಣ ಮುಳುಗಿ ಹೋಗುತ್ತದೆ. ಆ ದುಡ್ಡಿನಲ್ಲಿ ಹೆಡ್ಡಿಗೆ ಹೊರಗಿನ ಹಮ್ ತಡೆಯುವ ಮ್ಯೂಮೆಟಲ್ ಲೋಹದ ಕವಚ ಹಾಕಿಸಿ.

ಈಗ ಮೊದಲ ಆಕ್ಷೇಪ, ಮೇನ್ಸಿನ ಓಲಾಟ. 50ರಲ್ಲಿ 0.2 ಹರ್ಟ್ಸ್ ತಪ್ಪಿದರೆ ಶೇ. 0.4, ಸಂಗೀತದ ಒಂದು ಅರ್ಧಸ್ವರದ ಹದಿನೈದನೇ ಒಂದು ಭಾಗದಷ್ಟು. ಅದೂ ನಿಮಿಷಗಟ್ಟಲೆ ನಿಧಾನವಾಗಿ ಆಗುವಂಥದ್ದು. ಬ್ಯಾಟರಿ ಇಳಿಯುತ್ತಾ ನಿಧಾನವಾದ ರೆಕಾರ್ಡರು ರೀಲಿನ ಕೊನೆಗೆ ಶೇ. 4, 5 ತಪ್ಪಿರುತ್ತದೆ, ಹೋಲಿಸಿ ನೋಡಿ. ಮಾತಿನಿಂದ ನಂಬದವರಿಗೆ ಪುರಾವೆ ಬೇರೆಯಿತ್ತು: ಒಂದೇ ಪ್ರಸಾರವನ್ನು ಎರಡು ಮನೆಗಳಲ್ಲಿ ಮುದ್ರಿಸಿದ ಎರಡು ಟೇಪು. ಎರಡಕ್ಕೂ ಕರೆಂಟ್ ಒಂದೇ ಜಾಲದ್ದು, ಆದ್ದರಿಂದ ಮೇನ್ಸಿನ ತಪ್ಪು ಎರಡರಲ್ಲೂ ಒಂದೇ. ಬೇರೆಬೇರೆಯಾಗಿ ಸರಿಮಾಡಿ ಅಕ್ಕಪಕ್ಕ ಇಟ್ಟರೆ, ಅರ್ಧ ಗಂಟೆಯಲ್ಲಿ ಮೊದಲು ಮುಕ್ಕಾಲು ನಿಮಿಷ ದೂರ ಹೋಗುತ್ತಿದ್ದವು ಕೆಲವೇ ಮಿಲಿಸೆಕೆಂಡಿನೊಳಗೆ ನಿಂತವು. ಒಂದರಲ್ಲಿ ಮಾತು ಒಡೆದ ಕಡೆ ಇನ್ನೊಂದರಿಂದ ತುಂಬಬಹುದು, ಜೋಡಣೆ ಕಿವಿಗೆ ಸಿಗುವುದಿಲ್ಲ. ನಗುತ್ತಿದ್ದವರು ಆ ಫೈಲು ಕೇಳಿಯೇ ಸುಮ್ಮನಾದದ್ದು.

ಟಿವಿಯ ವಿಷಯದಲ್ಲಿ ಇದಕ್ಕೆ ಬೆಲೆ ಇನ್ನೂ ಹೆಚ್ಚು. 1956ರಲ್ಲಿ ಆಂಪೆಕ್ಸ್ ತಂದ ಎರಡಿಂಚಿನ ವಿಡಿಯೊ ಟೇಪು ಬಲು ದುಬಾರಿ, ನಿಲ್ದಾಣಗಳು ಅದನ್ನು ಅಳಿಸಿ ಅಳಿಸಿ ಬಳಸಿದವು. ಎಷ್ಟೋ ಕಾರ್ಯಕ್ರಮಕ್ಕೆ ಈಗ ಉಳಿದಿರುವುದು ವೀಕ್ಷಕರು ಮೈಕ್ ಹಿಡಿದ ಧ್ವನಿ, ಜೊತೆಗೆ ಎಲ್ಲೋ ಸಿಕ್ಕ 16 ಮಿ.ಮೀ. ಫಿಲಂ ತುಣುಕು. ವೇಗ ಸರಿಯಿಲ್ಲದಿದ್ದರೆ ತುಟಿಗೂ ದನಿಗೂ ತಾಳೆಯಾಗುವುದಿಲ್ಲ. ಸರಿಮಾಡಿದ ಮೇಲೆ ತುಣುಕಿನ ಶುರುವಿಗೆ ಒಂದು ಕಡೆ ಹೊಂದಿಸಿದರೆ ಸಾಕು, ಕೊನೆಗೂ ಒಂದೆರಡು ಫ್ರೇಮಿನೊಳಗೆ ಇರುತ್ತದೆ.

ನಕಲಿನ ನಕಲು ಬಂದರೆ 50ರ ಹತ್ತಿರ ಒಂದಕ್ಕಿಂತ ಹೆಚ್ಚು ಅಲುಗಾಡುವ ಗೆರೆ ಕಾಣುತ್ತವೆ, ಪ್ರತಿ ನಕಲಿಗೂ ಒಂದು. ಈರುಳ್ಳಿ ಸಿಪ್ಪೆಯ ಹಾಗೆ ಹೊರಗಿನದನ್ನೇ ಮೊದಲು ತೆಗೆಯಬೇಕು. ಕೊನೆಯ ನಕಲಿನ ಹಮ್ ಸಾಮಾನ್ಯವಾಗಿ ಹೆಚ್ಚು ನೇರ. ಅದನ್ನು 50ಕ್ಕೆ ತಂದ ಮೇಲೆ ಒಳಗಿನ ಗೆರೆಯ ಲೆಕ್ಕ ಹೊಸದಾಗಿ ಮಾಡಿ. ಹಿಂದುಮುಂದಾದರೆ ಎರಡೂ ಕೆಡುತ್ತವೆ.

ಒಂದು ಅಡ್ಡ ಪ್ರಯೋಗ. ಬ್ಯಾಟರಿ ಟ್ರಾನ್ಸಿಸ್ಟರಿನಿಂದ ಬ್ಯಾಟರಿ ರೆಕಾರ್ಡರಿಗೆ ಹಿಡಿದ ಟೇಪಿನಲ್ಲಿ ಹಮ್ಮೇ ಇರುವುದಿಲ್ಲ. ಆದರೆ ಮೀಡಿಯಂ ವೇವಿನಲ್ಲಿ ಪಕ್ಕದ ಸ್ಟೇಷನ್ನಿನ ಕ್ಯಾರಿಯರ್ (ಧ್ವನಿಯನ್ನು ಹೊರುವ ರೇಡಿಯೊ ಅಲೆ) 9 ಕಿಲೋಹರ್ಟ್ಸ್ ದೂರದಲ್ಲಿರುತ್ತದೆ, ಅಮೆರಿಕಾ ಖಂಡಗಳಲ್ಲಿ 10. ಅದರ ಸಿಳ್ಳೆ ರಾತ್ರಿಯ ಪ್ರಸಾರಗಳಲ್ಲಿ ಕೆಲವೊಮ್ಮೆ ಸಿಗುತ್ತದೆ. ಕ್ಯಾರಿಯರ್‌ಗಳು ಕ್ರಿಸ್ಟಲಿನಿಂದ ಬಂದವು, ಮೇನ್ಸಿಗಿಂತ ಎಷ್ಟೋ ಸ್ಥಿರ. ಫೇಡಿಂಗಿನಲ್ಲಿ ಗೆರೆ ಮಾಯವಾಗಿ ಮತ್ತೆ ಬರುತ್ತದೆ, ನಡುವಿನ ಖಾಲಿ ಜಾಗವನ್ನು ಸ್ಪ್ಲೈನಿನಿಂದ ತುಂಬಿದರೆ ಸಾಲುತ್ತದೆ. ಗಂಟೆ ಹೊಡೆಯುವ ಪಿಪ್‌ಗಳು ಟೇಪಿನಲ್ಲಿದ್ದರೆ ಅದೃಷ್ಟ: ಬಿಬಿಸಿಯ ಗ್ರೀನ್‌ವಿಚ್ ಪಿಪ್‌ಗಳು 1924ರಿಂದ ಇವೆ, ಈಗಿನವು 1000 ಹರ್ಟ್ಸ್, ಒಂದೊಂದು ಸೆಕೆಂಡಿನ ಅಂತರ. ಮಾಡಿದ ಲೆಕ್ಕ ಸರಿಯೇ ಅಂತ ಪರೀಕ್ಷಿಸಲು ಅದಕ್ಕಿಂತ ಬೇರೆ ಬೇಕಿಲ್ಲ.

ವೇಗ ಸರಿಯಾದ ಮೇಲೆ ಹಮ್ ತೆಗೆಯಿರಿ, ಈಗ ತಕರಾರಿಲ್ಲ. ಟೇಪಿನ ಗೆರೆ ಸೂಜಿಯಷ್ಟು ತೆಳ್ಳಗಾಗಿರುವುದರಿಂದ ಅರ್ಧ ಹರ್ಟ್ಸ್ ಅಗಲದ ನಾಚ್ ಸಾಕು, ದನಿಯ ತಳಭಾಗಕ್ಕೆ ಪೆಟ್ಟಿಲ್ಲ. ಡೆಕ್ಕಿನ ನೇರ ಹಮ್ ಈಗ ಅಲುಗಾಡುವ ಗೆರೆಯಾಗಿರುತ್ತದೆ, ಆದ್ದರಿಂದ ಅದನ್ನು ಮರುಸ್ಯಾಂಪಲಿಗೆ ಮೊದಲೇ ನಾಚ್ ಮಾಡಿಕೊಳ್ಳಿ. ಶೇ. 8 ಜೋರಿನಲ್ಲಿ ಹಿಡಿದ ಮೂಲ ಫೈಲನ್ನು ಅಳಿಸಬೇಡಿ. ಮೊನೊ ಆದರೆ ಗಂಟೆಗೆ ಒಂದು ಜಿಬಿ, ವೇಗದ ಗ್ರಾಫು ಹದಿನಾಲ್ಕು ಎಂಬಿಯೂ ಆಗುವುದಿಲ್ಲ. ಎರಡನ್ನೂ ಒಂದೇ ಹೆಸರಿನಲ್ಲಿ ಒಟ್ಟಿಗೆ ಇಡಿ. ಯಾವ ಡೆಕ್, ಯಾವ ಹೆಡ್, ಎಷ್ಟು ವೇಗ ಎಂದು ಒಂದು ಟೆಕ್ಸ್ಟ್ ಫೈಲು ಜೊತೆಗಿರಲಿ.