ಸ್ಕ್ರೀನ್ ಮುಂದೆ ದುಡಿಯುವ ಕಣ್ಣಿಗೆ ಆರಾಮ ಕೊಡುವುದು ಹೇಗೆ?

ಮೇ, ಜೂನ್ ಬಂತೆಂದರೆ ಕಾಸರಗೋಡಿನ ಬದಿಯಡ್ಕ, ಕುಂಬಳೆ, ಮಂಜೇಶ್ವರದ ಕಡೆ, ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಕೊಡುವ ಅಕ್ಷಯ ಕೇಂದ್ರಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಪ್ಲಸ್ ವನ್ (ಹನ್ನೊಂದನೇ ತರಗತಿ) ಅರ್ಜಿ, ಆದಾಯ ಸರ್ಟಿಫಿಕೇಟು, ಸ್ಕಾಲರ್‌ಶಿಪ್. ಕಂಪ್ಯೂಟರ್ ಮುಂದೆ ಕೂತವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಸಂಜೆ ಹೊತ್ತಿಗೆ ಕಣ್ಣು ಉರಿ, ಹಣೆ ಭಾರ, ಅಕ್ಷರ ಮಸುಕು. ಮನೆಗೆ ಹೋಗಿ ಮತ್ತೆ ಫೋನ್! ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಮೊಬೈಲಿನಲ್ಲೇ ಓದುವ ಮಕ್ಕಳ ಪಾಡೂ ಇದೇ.

ತುಂಬಾ ಜನ ಸ್ಕ್ರೀನಿನ ಬೆಳಕನ್ನು ದೂರುತ್ತಾರೆ. ಆದರೆ ಮುಖ್ಯ ಕಾರಣ ಬೇರೆ. ಮಾತಾಡುತ್ತಾ ಕೂತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ನೋಡುವಾಗ ಅದು 5-7ಕ್ಕೆ ಇಳಿಯುತ್ತದೆ. ಕಣ್ಣೀರಿನ ತೆಳು ಪದರ ಒಣಗುತ್ತದೆ. ಜೊತೆಗೆ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ತೋರಿಸುವ ಒಳಗಿನ ಸಣ್ಣ ಸ್ನಾಯು ಬಿಡುವಿಲ್ಲದೆ ಬಿಗಿದೇ ಇರುತ್ತದೆ. ಈ ಎರಡನ್ನು ಸರಿ ಮಾಡಿದರೆ ತೊಂದರೆ ಕಡಿಮೆಯಾಗುತ್ತದೆ.

ಮೊದಲು ರೆಪ್ಪೆ. ಅರ್ಧಂಬರ್ಧ ಮಿಟುಕಿಸಿದರೆ ಸಾಲದು. ಮೇಲಿನ ರೆಪ್ಪೆ ಕೆಳಗಿನದಕ್ಕೆ ತಾಗಬೇಕು. ಆಗಲೇ ಅಂಚಿನ ಗ್ರಂಥಿಗಳಿಂದ ಎಣ್ಣೆಯಂಥ ಪಸೆ ಹೊರಬಂದು ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ಒಂದು ಫಾರಂ ಸಬ್ಮಿಟ್ ಆಗಿ ಮುಂದಿನ ಪುಟ ತೆರೆಯುವ ತನಕ ಸುಮ್ನೆ ಕಾಯುತ್ತೀರಿ ಅಲ್ವಾ, ಆಗ ಐದಾರು ಸಲ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯಿರಿ. ಫ್ಯಾನ್ ಅಥವಾ ಎಸಿ ಗಾಳಿ ನೇರ ಮುಖಕ್ಕೆ ಬಡಿಯದಂತೆ ಕುರ್ಚಿ ಸರಿಸಿ.

ಆಮೇಲೆ ದೂರ ನೋಡುವುದು. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು. 20 ಅಡಿ ಅಂದರೆ ಎಷ್ಟು ಅಂತ ನಮ್ಮ ಊರಲ್ಲಿ ಟೇಪು ಹಿಡಿಯಬೇಕಿಲ್ಲ. ಸರಿಯಾಗಿ ನೆಟ್ಟ ತೋಟದಲ್ಲಿ ತೆಂಗಿನ ಮರಗಳ ನಡುವೆ ಏಳೂವರೆ ಮೀಟರ್, ಅಂದರೆ ಸುಮಾರು 25 ಅಡಿ ಇರುತ್ತದೆ. ಅಡಿಕೆ ಸಾಲಾದರೆ 9 ಅಡಿ. ಕಿಟಕಿಯಿಂದ ಮೂರನೇ ಅಡಿಕೆ ಮರದ ಆಚೆ ನೋಡಿದರೆ ಸಾಕು, ಸ್ನಾಯು ಸಡಿಲವಾಗುತ್ತದೆ. ಆ ಬಿಡುವಿನಲ್ಲಿ ಫೋನ್ ತೆಗೆದರೆ ಬಿಡುವು ಬಿಡುವಲ್ಲ.

ಕೂರುವ ಜಾಗವನ್ನೂ ನೋಡಿ. ಕೈ ಚಾಚಿದಾಗ ಬೆರಳ ತುದಿ ಪರದೆಗೆ ತಾಗುವಷ್ಟು ದೂರ ಇರಲಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಲಿ. ಕಿಟಕಿ ಬೆನ್ನ ಹಿಂದೆ ಬೇಡ, ಎದುರಿಗೂ ಬೇಡ, ಪಕ್ಕಕ್ಕಿರಲಿ. ಬಿಳಿ ಕಾಗದವೊಂದನ್ನು ಪರದೆಯ ಪಕ್ಕ ಹಿಡಿಯಿರಿ. ಪರದೆ ಅದಕ್ಕಿಂತ ಝಗ್ ಎಂದು ಹೊಳೆದರೆ ಬ್ರೈಟ್‌ನೆಸ್ ಇಳಿಸಿ. ಮಳೆಗಾಲದಲ್ಲಿ ಕರೆಂಟು ಹೋದಾಗ ಕತ್ತಲಲ್ಲಿ ಫೋನ್ ಹಿಡಿಯುವವರು ಇದನ್ನು ಮರೆಯಬಾರದು.

ಅಕ್ಷರದ ಗಾತ್ರ ಹೆಚ್ಚಿಸಲು ಸಂಕೋಚ ಬೇಡ. ಕನ್ನಡ, ಮಲಯಾಳಂ ಎರಡರಲ್ಲೂ ಕೂಡಕ್ಷರಗಳು ಸಣ್ಣ ಗಾತ್ರದಲ್ಲಿ ಕಲಸಿಹೋಗುತ್ತವೆ. ಕಂಟ್ರೋಲ್ ಒತ್ತಿಕೊಂಡು ಪ್ಲಸ್ ಒತ್ತಿದರೆ ಬ್ರೌಸರಿನಲ್ಲಿ ಪುಟ ದೊಡ್ಡದಾಗುತ್ತದೆ.

ನಲವತ್ತು ದಾಟಿದವರಿಗೆ ಒಂದು ಮಾತು. ಓದುವ ಕನ್ನಡಕ ಪುಸ್ತಕದ ದೂರಕ್ಕೆ ಮಾಡಿದ್ದು, ಕಂಪ್ಯೂಟರ್ ಅದಕ್ಕಿಂತ ಆಚೆ ಇರುತ್ತದೆ. ಗಲ್ಲ ಎತ್ತಿ ನೋಡಿ ನೋಡಿ ಕುತ್ತಿಗೆಯೂ ಹಿಡಿದುಕೊಳ್ಳುತ್ತದೆ. ಕಣ್ಣಿನಿಂದ ಪರದೆಗೆ ಎಷ್ಟು ಇಂಚು ಅಂತ ಅಳೆದು, ಆ ಲೆಕ್ಕವನ್ನು ಪರೀಕ್ಷೆ ಮಾಡುವವರಿಗೆ ಹೇಳಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಮಾತ್ರ ದುಡ್ಡು ಸುರಿಯಬೇಡಿ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಕಣ್ಣಿನ ಆಯಾಸಕ್ಕೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಇಷ್ಟಾದರೂ ಉರಿ ನಿಲ್ಲದಿದ್ದರೆ ಕೃತಕ ಕಣ್ಣೀರಿನ ಹನಿ ಬಳಸಬಹುದು. ಆದರೆ ಮೆಡಿಕಲ್ ಶಾಪಿನಲ್ಲಿ 'ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ' ಅಂತ ಕೇಳಿ ತರುವ ಅಭ್ಯಾಸ ದಯವಿಟ್ಟು ಬಿಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ತುಂಬಾ ದಿನ ಹಾಕಿದಾಗ ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಬರಬಹುದು. ಆಗ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಕಣ್ಣಲ್ಲಿ ಜೋರು ನೋವು, ಇದ್ದಕ್ಕಿದ್ದಂತೆ ಮಂಜು, ಮಿಂಚಿನಂಥ ಬೆಳಕು, ದೃಷ್ಟಿಗೆ ಪರದೆ ಬಿದ್ದ ಹಾಗೆ ಆಗುವುದು, ಇವು ಸ್ಕ್ರೀನಿನ ಆಯಾಸ ಅಲ್ಲ. ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.